ಬಿಪಿಎಲ್ ಕಾರ್ಡೋ, ಪೂರಾ ಸಂಬಳವೋ

ವರ್ಷಕ್ಕೆ 1.20 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ಬಿಪಿಎಲ್ ಕಾರ್ಡ್ ಕೊಡಬಹುದೋ ಇಲ್ಲವೋ ಎಂದು ಅಳೆಯುವ ವರಮಾನದ ಗೆರೆ ಇದು. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಹತ್ತು ಸಾವಿರ. ಇದೇ ರಾಜ್ಯದ ಕಾರ್ಮಿಕ ಇಲಾಖೆ ಬೆಂಗಳೂರಿನ ಗಾರ್ಮೆಂಟ್ಸ್ ಟೈಲರಿಗೆ ಗೊತ್ತುಮಾಡಿರುವ ಕನಿಷ್ಠ ಕೂಲಿ, ತುಟ್ಟಿಭತ್ಯೆ ಸೇರಿ, ಆ ಹತ್ತು ಸಾವಿರವನ್ನು ದಾಟಿ ಕೆಲವು ವರ್ಷಗಳೇ ಆದವು. ಇದಕ್ಕಿಂತ ಕಡಿಮೆ ಕೊಟ್ಟರೆ ಕಾನೂನುಬಾಹಿರ ಎಂದು ಒಂದು ಇಲಾಖೆ ಹೇಳುವ ಮೊತ್ತವನ್ನೇ ತೋರಿಸಿ, ಇಷ್ಟು ಬರುವವರು ಬಡವರಲ್ಲ ಎಂದು ಇನ್ನೊಂದು ಇಲಾಖೆ ಹೇಳುತ್ತಿದೆ.

ಈ ಎರಡು ಮಾತು ಇಷ್ಟು ದಿನ ಒಂದಕ್ಕೊಂದು ಡಿಕ್ಕಿ ಹೊಡೆಯದೆ ಉಳಿದದ್ದು ಎರಡೂ ಇಲಾಖೆಗಳ ಕಡತಗಳು ಮುಖಾಮುಖಿ ಆಗದೇ ಇದ್ದುದರಿಂದ. ಕಾರ್ಡು ಪಡೆದಾಗ ಕೊಟ್ಟ ವರಮಾನ ಪ್ರಮಾಣಪತ್ರ ಹಳೆಯದು, ಸಂಬಳ ಹೊಸದು, ಮಧ್ಯೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಇನ್ನು ಹಾಗೆ ನಡೆಯುವುದಿಲ್ಲ. ಕಡತಗಳು ಒಂದನ್ನೊಂದು ಓದಲು ಕಲಿಯುತ್ತಿವೆ. ಅದರ ಮೊದಲ ಪೆಟ್ಟು ಬೀಳುವುದು ಗಂಡನಿಂದ ಬೇರೆಯಾಗಿ, ವಿಚ್ಛೇದನದ ಕಾಗದವಿಲ್ಲದೆ, ಮಗುವನ್ನು ಕಟ್ಟಿಕೊಂಡು ಬದುಕುತ್ತಿರುವ ಹೆಂಗಸಿನ ಮೇಲೆ ಎಂದು ಈಗಲೇ ಹೇಳಬೇಕಾಗಿದೆ. ಪೆಟ್ಟು ಬಿದ್ದ ಮೇಲೆ ಹೇಳಲು ಬೇಕಾದಷ್ಟು ಜನ ಇರುತ್ತಾರೆ.

ಅವಳ ಮುಂದಿರುವ ಆಯ್ಕೆಯನ್ನು ಅಂಕಿಗಳಲ್ಲಿ ನೋಡೋಣ. ಗಾರ್ಮೆಂಟ್ಸ್‌ನಲ್ಲಿ ಹನ್ನೆರಡೂವರೆ ಸಾವಿರದ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಹಿಡಿದರೆ ಕೈಗೆ ಬರುವುದು ಹತ್ತು ಸಾವಿರದ ಒಂಬೈನೂರರ ಸುಮಾರು. ಬೆಳಿಗ್ಗೆ ಒಂಬತ್ತಕ್ಕೆ ಲೈನಿನಲ್ಲಿ ಕೂರಬೇಕು, ಸಂಜೆ ಬಿಡುವುದು ಆರರ ಹತ್ತಿರ. ಶಾಲೆ ಬಿಟ್ಟ ಮಗುವನ್ನು ಪಕ್ಕದ ಮನೆಯ ಅಜ್ಜಿ ನೋಡಿಕೊಂಡರೂ ತಿಂಗಳಿಗೆ ಸಾವಿರದೈನೂರು ಕೊಡದೆ ನಡೆಯದು. ಕಾರ್ಡು ಹೋದರೆ ಇಬ್ಬರ ಪಾಲಿನ ಅಕ್ಕಿಯನ್ನು ಅಂಗಡಿಯಲ್ಲಿ ಕೊಳ್ಳಬೇಕು. ಅಲ್ಲಿಗೆ ಇನ್ನೂ ಕೆಲವು ನೂರು. ಉಳಿಯುವುದು ಎಂಟೂವರೆ, ಒಂಬತ್ತು ಸಾವಿರ. ಇನ್ನೊಂದು ಕಡೆ, ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ಪಾತ್ರೆ, ಕಸ, ನೆಲ ಎಂದು ಹಿಡಿದರೆ ಏಳು ಸಾವಿರ, ಎಲ್ಲವೂ ಕ್ಯಾಶ್. ಮಧ್ಯಾಹ್ನಕ್ಕೆ ಮನೆ ಸೇರಬಹುದು. ಮಗುವಿಗೆ ಜ್ವರ ಬಂದರೆ ಮನೆಯೊಡತಿ ಅಕ್ಕನಿಗೆ ಫೋನು ಮಾಡಿ ಇವತ್ತು ಬರಲ್ಲ ಅಂದರಾಯಿತು. ಬೈಗುಳ ಸಿಗಬಹುದು, ಅಟೆಂಡೆನ್ಸ್ ಬೋನಸ್ ಕಟ್ ಆಗುವುದಿಲ್ಲ. ಕಾರ್ಡೂ ಉಳಿಯುತ್ತದೆ.

ದಿನಕ್ಕೆ ನಾಲ್ಕೈದು ಗಂಟೆ ಹೆಚ್ಚು ದುಡಿದರೆ ತಿಂಗಳಿಗೆ ಸಿಗುವ ಹೆಚ್ಚಳ ಎರಡು ಸಾವಿರದೊಳಗೆ. ಪಿಎಫ್ ಎನ್ನುವುದು ಅವಳದೇ ಉಳಿತಾಯ, ಇಎಸ್‌ಐ ಇದ್ದರೆ ಆಸ್ಪತ್ರೆ ಖರ್ಚಿಗೆ ಆಸರೆ, ನಿಜ. ಬಾಡಿಗೆ ಕಟ್ಟುವ ದಿನ ಪಿಎಫ್ ಪಾಸ್‌ಬುಕ್ ಮನೆ ಓನರಿಗೆ ತೋರಿಸಲಾಗುವುದಿಲ್ಲ ಎನ್ನುವುದೂ ನಿಜ. ಹಾಗಾಗಿ ಅವಳು ಅರೆ ದಿನದ ಕೆಲಸವನ್ನು ಆರಿಸಿಕೊಂಡರೆ ‘ಫ್ರೀ ಕೊಟ್ಟು ಸೋಮಾರಿ ಮಾಡಿದರು’ ಎಂದು ಹೋಟೆಲ್ ಟೇಬಲ್ಲಿನಲ್ಲಿ ತೀರ್ಪು ಕೊಡುವವರು ಒಮ್ಮೆ ಈ ಕೂಡುವಿಕೆ ಕಳೆಯುವಿಕೆ ತಾವೇ ಮಾಡಿ ನೋಡಲಿ. ಬೆಳಿಗ್ಗೆ ಆರಕ್ಕೇ ಬಸ್ಸಿಗೆ ನಿಲ್ಲುವವಳ ಬಗ್ಗೆ ಆಡುವ ಮಾತು ಅದಲ್ಲ.

ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ಬಿಪಿಎಲ್ ಕಾರ್ಡು ಹೋಗುವುದು ಸುಲಭ, ಮರಳಿ ಬರುವುದು ಕಷ್ಟ. ಹೊಸ ಬಿಪಿಎಲ್ ಅರ್ಜಿಗಳ ಕಿಟಕಿ ರಾಜ್ಯದಲ್ಲಿ ಮುಚ್ಚಿರುವುದೇ ಹೆಚ್ಚು. ತೆರೆದ ದಿನಗಳಲ್ಲಿ ಗ್ರಾಮ ಒನ್, ಕರ್ನಾಟಕ ಒನ್ ಮುಂದೆ ಸಾಲು, ಒಳಗೆ ‘ಸರ್ವರ್ ಇಲ್ಲ’. ಗಾರ್ಮೆಂಟ್ಸ್ ಕೆಲಸವಾದರೋ ಆರ್ಡರ್ ಇದ್ದಷ್ಟು ದಿನ. ಯೂನಿಟ್ ಮುಚ್ಚಿತು, ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆಯಿತು, ಮಗುವಿಗೆ ಟೈಫಾಯಿಡ್ ಆಯಿತು — ಕೆಲಸ ಹೋಗಲು ಕಾರಣಗಳಿಗೆ ಬರವಿಲ್ಲ. ಕೆಲಸ ಹೋದರೆ ಕೆಲವು ತಿಂಗಳಲ್ಲಿ ಇಎಸ್‌ಐ ಕೂಡ ಹೋಗುತ್ತದೆ. ಆಗ ಕೈಯಲ್ಲಿ ಉಳಿಯುವುದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ ಸರ್ಕಾರದ್ದು, ಮಿಕ್ಕದ್ದು ನಮ್ಮದೇ. ಆರು ತಿಂಗಳ ಸಂಬಳಕ್ಕಾಗಿ ಆರು ವರ್ಷ ಕಾಪಾಡಿಕೊಂಡ ಕಾರ್ಡನ್ನು ಪಣಕ್ಕಿಡಲು ಅವಳು ಹಿಂಜರಿದರೆ ಅವಳ ಜಾಗದಲ್ಲಿ ಯಾರಿದ್ದರೂ ಹಿಂಜರಿಯುತ್ತಾರೆ.

ಇಲ್ಲಿಯವರೆಗೆ ಅವಳಿಗೆ ತನ್ನದೇ ಒಂದು ಕಾರ್ಡ್ ಇದೆ ಎಂದು ಊಹಿಸಿ ಬರೆದದ್ದಾಯಿತು. ಬಹಳ ಸಲ ಅದೂ ಇರುವುದಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಒಳ್ಳೆಯ ಉದ್ದೇಶದ ಕಾನೂನು, ಅನುಮಾನವಿಲ್ಲ. ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಹೋಗುವುದೂ ಕಾರ್ಡಿನಲ್ಲಿ ಯಜಮಾನಿ ಎಂದು ಬರೆದವರ ಖಾತೆಗೆ, ಮನೆಗೆ ಒಬ್ಬರಿಗೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಗುವ ಮೊದಲೇ ದುಡ್ಡು ಅತ್ತೆಗೋ ಸೊಸೆಗೋ ಎಂಬ ಚರ್ಚೆ ಊರೆಲ್ಲ ಆಯಿತು. ಟಿವಿಯವರು ಅದನ್ನು ಜಗಳದ ಧಾರಾವಾಹಿಯಂತೆ ತೋರಿಸಿ ಮುಗಿಸಿದರು. ಆ ನಗೆಯಲ್ಲಿ ಮುಚ್ಚಿಹೋದ ಪ್ರಶ್ನೆ ಇದು: ಸೊಸೆ ಆ ಮನೆಯಲ್ಲೇ ಇಲ್ಲವಾದರೆ?

ಅತ್ತೆ ಮನೆಯ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಸೊಸೆ, ಮಗು ಹೊರಟುಹೋದ ಮೇಲೂ ಅವರ ಹೆಸರು ಆ ಕಾರ್ಡಿನಲ್ಲೇ ಕೂತಿರುತ್ತದೆ, ಅವರ ಪಾಲಿನ ಅಕ್ಕಿಯೂ ಅಲ್ಲೇ ಬೇಯುತ್ತದೆ. ಹೆಸರು ತೆಗೆಸಲು ಆ ಮನೆಯವರ ಸಹಕಾರ ಬೇಕು. ಜೀವನಾಂಶದ ಕೇಸು ಹಾಕಿದವಳಿಗೆ ಅದನ್ನು ಯಾರು ಕೊಡುತ್ತಾರೆ? ತವರಿಗೆ ಬಂದರೆ ಅಲ್ಲಿನ ಕಾರ್ಡಿನಲ್ಲಿ ಯಜಮಾನಿ ಅವ್ವ. ಅದಕ್ಕೆ ಸೇರಿಕೊಂಡರೆ ಅಕ್ಕಿ ಬರಬಹುದು, ಎರಡು ಸಾವಿರ ಬರುವುದಿಲ್ಲ. ಜೊತೆಗೆ ಅವಳ ಸಂಬಳ ಅಣ್ಣನ ದುಡಿಮೆಯ ಜೊತೆ ಸೇರಿ ಇಡೀ ಮನೆಯ ಕಾರ್ಡಿಗೇ ಕಂಟಕವಾಗುತ್ತದೆ. ‘ನೀನು ಪಿಎಫ್ ಇರೋ ಕೆಲಸಕ್ಕೆ ಸೇರಿದ್ರೆ ನಮ್ಮ ಕಾರ್ಡ್ ಹೋಗತ್ತೆ’ ಎಂದು ಅತ್ತಿಗೆ ಅಂದರೆ ಅದು ಕೇಡಿನ ಮಾತಲ್ಲ, ಸರ್ಕಾರದ ನಿಯಮವನ್ನು ಆಕೆ ಸರಿಯಾಗಿಯೇ ಓದಿಕೊಂಡಿದ್ದಾಳೆ.

ಗೃಹಲಕ್ಷ್ಮಿಯಲ್ಲಿ ಇನ್ನೊಂದು ಮುಳ್ಳಿದೆ. ಈ ಯೋಜನೆ ಎಪಿಎಲ್ ಕಾರ್ಡಿನವರಿಗೂ ಉಂಟು. ಆ ಮಟ್ಟಿಗೆ ಉದಾರ. ಆದರೆ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣವಿಲ್ಲ. ಕೂಡಿ ಬಾಳುವ ದಂಪತಿಗೆ ಇದು ಸರಿಯಾದ ನಿಯಮವೇ. ಮೂರು ವರ್ಷದಿಂದ ಮುಖ ನೋಡದ, ಒಂದು ಪೈಸೆ ಕೊಡದ ಗಂಡ ಹಾರ್ಡ್‌ವೇರ್ ಅಂಗಡಿ ಇಟ್ಟು ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ ಇವಳ ಎರಡು ಸಾವಿರ ನಿಲ್ಲುವುದು ಯಾವ ನ್ಯಾಯ? ವಿಚ್ಛೇದನ ಆಗುವವರೆಗೂ ಅವನ ವ್ಯಾಪಾರ ಅವಳ ಶ್ರೀಮಂತಿಕೆ ಎಂದು ಕಂಪ್ಯೂಟರ್ ನಂಬಿಕೊಂಡಿರುತ್ತದೆ.

ಹಾಗಾದರೆ ವಿಚ್ಛೇದನ ತೆಗೆದುಕೊಳ್ಳಲಿ ಎನ್ನುವುದು ವಾಸ್ತವಕ್ಕೆ ದೂರದ ಸಲಹೆ. 2011ರ ಜನಗಣತಿ ವಿಚ್ಛೇದಿತರನ್ನೂ, ವಿಚ್ಛೇದನವಿಲ್ಲದೆ ಬೇರೆ ಇರುವವರನ್ನೂ ಬೇರೆ ಬೇರೆ ಎಣಿಸಿತ್ತು. ದೇಶದಲ್ಲಿ ಹಾಗೆ ಬೇರೆ ಇದ್ದ ಹೆಂಗಸರು ಸುಮಾರು 23 ಲಕ್ಷ, ವಿಚ್ಛೇದಿತೆಯರ ಎರಡು ಪಟ್ಟಿಗೂ ಹೆಚ್ಚು. ಕಾಗದದ ಮದುವೆ ಉಳಿದು ಸಂಸಾರ ಮುರಿದವರೇ ಬಹುಪಾಲು ಎಂದಾಯಿತು. ನಮ್ಮ ಯೋಜನೆಗಳು ಮಾತ್ರ ಇನ್ನೂ ವಿಧವೆ, ವಿಚ್ಛೇದಿತೆ, ಅವಿವಾಹಿತೆ ಎನ್ನುವ ಖಾನೆಗಳಲ್ಲೇ ನಿಂತಿವೆ. ಮನಸ್ವಿನಿ ಪಿಂಚಣಿಯನ್ನೇ ತೆಗೆದುಕೊಳ್ಳಿ: ತಿಂಗಳಿಗೆ 800 ರೂಪಾಯಿ, ಬಡತನ ರೇಖೆಗಿಂತ ಕೆಳಗಿನ ಅವಿವಾಹಿತ ಮತ್ತು ವಿಚ್ಛೇದಿತ ಹೆಂಗಸರಿಗೆ, ವಯಸ್ಸು 40ರಿಂದ 64. ಇಪ್ಪತ್ತೆಂಟರಲ್ಲಿ ಮಗುವಿನೊಂದಿಗೆ ಹೊರಬಿದ್ದವಳಿಗೆ ಅದರಲ್ಲಿ ಜಾಗವೇ ಇಲ್ಲ. ಪಕ್ಕದ ತಮಿಳುನಾಡಿನಲ್ಲಿ ಗಂಡ ಬಿಟ್ಟ ಹೆಂಗಸರಿಗೆಂದೇ 1986ರಿಂದ ಪಿಂಚಣಿ ಇದೆ, ವಯಸ್ಸು 30 ತುಂಬಿದರೆ ಸಾಕು. ಐದು ವರ್ಷ ಬಿಟ್ಟು ಹೋಗಿರಬೇಕೆಂಬ ಷರತ್ತು ಕ್ರೂರವಾದರೂ, ಇಂಥವರು ಇದ್ದಾರೆ ಎಂದಾದರೂ ಆ ಸರ್ಕಾರ ಒಪ್ಪಿಕೊಂಡಿದೆ. 2023ರಲ್ಲಿ ಅವರು ಆರಂಭಿಸಿದ ತಿಂಗಳಿಗೆ 1,000 ರೂಪಾಯಿಯ ಮಹಿಳಾ ಹಕ್ಕುಧನಕ್ಕೆ ಕುಟುಂಬದ ವರಮಾನ ಮಿತಿ ವರ್ಷಕ್ಕೆ 2.5 ಲಕ್ಷ. ನಮ್ಮ ಬಿಪಿಎಲ್ ಗೆರೆಯ ಪಕ್ಕದಲ್ಲಿ ಆ ಅಂಕಿಯನ್ನಿಟ್ಟು ನೋಡಿ.

ಜೀವನಾಂಶದ ಕಡೆಯಿಂದಲೂ ಅರೆ ದಿನದ ಕೆಲಸಕ್ಕೇ ಒತ್ತಡ. ಜೀವನಾಂಶದ ಹಳೆಯ ಸಿಆರ್‌ಪಿಸಿ ಸೆಕ್ಷನ್ 125, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಸೆಕ್ಷನ್ 144 ಆಗಿದೆ; ‘ತನ್ನನ್ನು ತಾನು ಪೋಷಿಸಿಕೊಳ್ಳಲಾಗದ’ ಹೆಂಡತಿ ಎನ್ನುವ ಮಾತು ಎರಡರಲ್ಲೂ ಒಂದೇ. ದುಡಿಯುತ್ತಾಳೆ ಎಂಬ ಕಾರಣಕ್ಕೇ ಜೀವನಾಂಶ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ, ರಜನೇಶ್–ನೇಹಾ ಪ್ರಕರಣದ 2020ರ ತೀರ್ಪಿನಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ. ಅದೇ ತೀರ್ಪು ಗಂಡ ಹೆಂಡತಿ ಇಬ್ಬರೂ ವರಮಾನ, ಆಸ್ತಿಯ ಪ್ರಮಾಣಪತ್ರ ಸಲ್ಲಿಸಬೇಕೆಂದು ವಿಧಿಸಿತು. ವರಮಾನ ಬಚ್ಚಿಟ್ಟ ಗಂಡನನ್ನು ಹಿಡಿಯಲು ಬೇಕಾದ ಉಪಾಯ ಅದು. ಕೆಳಗಿನ ಕೋರ್ಟಿನ ಆವರಣದಲ್ಲಿ ಅದು ಇನ್ನೊಂದು ರೂಪ ಪಡೆಯುತ್ತದೆ: ಅವಳ ಪೇ ಸ್ಲಿಪ್ಪನ್ನು ಎದುರು ವಕೀಲರು ಎತ್ತಿ ಹಿಡಿಯುತ್ತಾರೆ, ಅವನ ಆಟೊ ಸಂಪಾದನೆಗೆ ಸ್ಲಿಪ್ಪೇ ಇರುವುದಿಲ್ಲ. ಕೇಸು ಮುಗಿಯುವ ತನಕ ಪಿಎಫ್ ಇರುವ ಕೆಲಸ ಬೇಡ ಎಂಬ ಬುದ್ಧಿಮಾತು ಹೀಗೆ ಹುಟ್ಟುತ್ತದೆ. ಕೇಸು ಮುಗಿಯುವುದು ಎಂದೋ. ಮಧ್ಯಂತರ ಜೀವನಾಂಶವನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಇತ್ಯರ್ಥಪಡಿಸಲು ಕಾನೂನು ಹೇಳಿದರೂ ವಾಯಿದೆಗಳು ಅದನ್ನು ಓದುವುದಿಲ್ಲ. ಆದೇಶವಾದ ಮೇಲೂ ಬಾಕಿ ವಸೂಲಿಗೆ ಬೇರೆ ಅರ್ಜಿ, ಅದೂ ಬಾಕಿ ಬಿದ್ದ ಒಂದು ವರ್ಷದೊಳಗೆ. ಅದು ಗೊತ್ತಿಲ್ಲದೆ ಹಣ ಕಳೆದುಕೊಂಡವರು ಕಡಿಮೆಯಿಲ್ಲ. ಹಾಗೆ ನೋಡಿದರೆ ಈ ಜೀವನಾಂಶಕ್ಕೆ 2001ರವರೆಗೂ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. ಬೆಲೆ ಏರಿದರೂ ಕಾನೂನಿನ ಪುಸ್ತಕದಲ್ಲಿ ಅಂಕಿ ಹಾಗೇ ಕೂತಿತ್ತು. ಒಮ್ಮೆ ಬರೆದ ಅಂಕಿಯನ್ನು ಮರೆತುಬಿಡುವುದು ನಮ್ಮ ಆಡಳಿತದ ಹಳೆಯ ಅಭ್ಯಾಸ, 1.20 ಲಕ್ಷ ಅದರ ಇತ್ತೀಚಿನ ಕುರುಹು.

ಸರ್ಕಾರವೇ ದೊಡ್ಡ ಮಾಲೀಕ ಎನ್ನುವುದನ್ನೂ ಮರೆಯಬಾರದು. ಶಾಲೆಗಳ ಬಿಸಿಯೂಟದ ಅಡುಗೆಯವರು ದಿನದ ಒಳ್ಳೆಯ ಪಾಲನ್ನು ಒಲೆಯ ಮುಂದೆ ಕಳೆಯುತ್ತಾರೆ, ಪಡೆಯುವುದು ತಿಂಗಳಿಗೆ ನಾಲ್ಕೈದು ಸಾವಿರ, ಹೆಸರು ಗೌರವಧನ. ಒಂಟಿ ಹೆಂಗಸರು ಅಲ್ಲಿ ಎಷ್ಟು ಜನ ಎಂದು ಯಾವ ಊರಿನ ಹೆಡ್‌ಮಾಸ್ತರರನ್ನು ಕೇಳಿದರೂ ಹೇಳುತ್ತಾರೆ. ಅರೆ ಕೆಲಸ, ಅರೆ ಕೂಲಿ, ಮಿಕ್ಕದ್ದು ಯೋಜನೆಯ ಹಣದಿಂದ ಎಂಬ ಬದುಕಿನ ಮಾದರಿಯನ್ನು ರಾಜ್ಯವೇ ಹಾಕಿಕೊಟ್ಟಿದೆ.

ಈಗ ಬದಲಾಗುತ್ತಿರುವುದೇನು? 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರಾತ್ರೋರಾತ್ರಿ ಎಪಿಎಲ್ ಆದಾಗ ಗದ್ದಲವೆದ್ದಿತು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಬಿಟ್ಟು ಉಳಿದವರ ಕಾರ್ಡು ಮರಳಿಸುತ್ತೇವೆ ಎಂದು ಸರ್ಕಾರ ಹಿಂದೆ ಸರಿಯಿತು. 2025ರಲ್ಲಿ ಅನರ್ಹರ ಹುಡುಕಾಟ ಮತ್ತೆ ಶುರುವಾಯಿತು, ಈ ಬಾರಿ ಪಟ್ಟಿಯ ಕಾರಣಗಳಲ್ಲಿ 1.20 ಲಕ್ಷದ ಮಿತಿ ಮೀರಿದ ವರಮಾನವೂ ಇತ್ತು. ಅದೇ ಹೊತ್ತಿಗೆ ಸಂಬಳಗಳು ದಾಖಲೆಗೆ ಬರುತ್ತಿವೆ. 2025ರ ನವೆಂಬರ್ 21ರಂದು ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳು ಎಲ್ಲ ಕೆಲಸಗಾರರಿಗೂ ನೇಮಕಪತ್ರ ಎನ್ನುತ್ತವೆ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ಮೊದಲ ರಾಜ್ಯ ಕರ್ನಾಟಕ, 2004ರಲ್ಲಿ. ಅವರ ಸಾಮಾಜಿಕ ಭದ್ರತೆಗೆ 2025ರಲ್ಲಿ ಸಿದ್ಧವಾದ ಕರಡು ಮಸೂದೆ ಕೆಲಸಗಾರರ ನೋಂದಣಿಯನ್ನು ಕೇಳುತ್ತದೆ. ಎರಡೂ ಒಳ್ಳೆಯ ಹೆಜ್ಜೆಗಳೇ, ಈ ಬರಹ ಅವನ್ನು ವಿರೋಧಿಸುತ್ತಿಲ್ಲ. ಇವುಗಳ ನಡುವೆ ‘ಕುಟುಂಬ’ ಎಂಬ ದತ್ತಾಂಶವಿದೆ: ರೇಷನ್ ಕಾರ್ಡಿನ ಮನೆಯನ್ನೇ ಆಧಾರವಾಗಿಟ್ಟು ಯಾರಿಗೆ ಯಾವ ಯೋಜನೆ ಎಂದು ಹೇಳುವ ವ್ಯವಸ್ಥೆ.

ಪಟ್ಟಿಯ ಜರಡಿ, ಸಂಬಳದ ದಾಖಲೆ, ಮನೆಯ ದತ್ತಾಂಶ — ಈ ಮೂರೂ ಒಂದೇ ಪರದೆಯ ಮೇಲೆ ಬಂದ ದಿನ ಇಲ್ಲಿಯವರೆಗೆ ಅವಳನ್ನು ಕಾಪಾಡಿದ ಮಸುಕು ಹೋಗುತ್ತದೆ. ಮೂರು ಮನೆಯ ಪಾತ್ರೆ ತೊಳೆಯುವ ಏಳು ಸಾವಿರವೂ ದಾಖಲಾಗುತ್ತದೆ, ನಾಲ್ಕನೆಯ ಮನೆ ಹಿಡಿದರೆ ಗೆರೆ ಹತ್ತಿರವಾಗುತ್ತದೆ. ಆದರೆ ಗಂಡ ಬೇರೆ ಇದ್ದಾನೆ ಎನ್ನುವುದು ಮಾತ್ರ ಯಾವ ಪರದೆಯ ಮೇಲೂ ಬರುವುದಿಲ್ಲ. ಅವಳ ದುಡಿಮೆ ಕಾಣುತ್ತದೆ, ಒಂಟಿತನ ಕಾಣುವುದಿಲ್ಲ. ಆಗ ಅವಳು ಮಾಡುವುದು ನಿರೀಕ್ಷಿತವೇ: ನೋಂದಣಿ ಬೇಡ ಎಂದು ಮನೆಯೊಡತಿಯನ್ನು ಬೇಡಿಕೊಳ್ಳುತ್ತಾಳೆ, ಬ್ಯಾಂಕಿಗೆ ಹಾಕಬೇಡಿ ಕೈಗೆ ಕೊಡಿ ಎನ್ನುತ್ತಾಳೆ, ಕಂಟ್ರ್ಯಾಕ್ಟರನ ಹತ್ತಿರ ಪಿಎಫ್ ಇಲ್ಲದ ಪೀಸ್ ರೇಟ್ ಕೆಲಸ ಹುಡುಕುತ್ತಾಳೆ. ಅವಳನ್ನು ರಕ್ಷಿಸಲೆಂದು ಬರೆದ ಕಾಯ್ದೆಯಿಂದ ಅವಳೇ ಓಡಿಹೋಗುತ್ತಾಳೆ. ಅರ್ಧ ಕೂಲಿಗೆ ಆಳು ಬೇಕಾದವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಇಂಥ ಎಚ್ಚರಿಕೆ ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆಂದು ಬೆಂಗಳೂರು ಒಮ್ಮೆ ನೋಡಿದೆ. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಿತು. ಮುಪ್ಪಿಗೆ ಉಳಿಯಲಿ ಎನ್ನುವುದು ದೆಹಲಿಯ ಲೆಕ್ಕ. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಎಂದರೆ ಒಂದು ಕೆಲಸ ಬಿಟ್ಟು ಇನ್ನೊಂದು ಸಿಗುವ ತನಕದ ಊಟ, ಮಗಳ ಫೀಸು, ತವರಿಗೆ ಕಟ್ಟಬೇಕಾದ ಸಾಲ. ಅದನ್ನು ಯಾರೂ ಕೇಳಿರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಫ್ಯಾಕ್ಟರಿಗಳಿಂದ ಹೆದ್ದಾರಿಗಳಿಗೆ ಇಳಿದರು, ನಗರ ನಿಂತುಹೋಯಿತು, ನಿಯಮ ವಾಪಸಾಯಿತು. ಬೇರೆಯಾದ ಹೆಂಗಸರು ಹಾಗೆ ರಸ್ತೆಗೆ ಬರುವುದಿಲ್ಲ. ಒಂದೇ ಗೇಟಿನಿಂದ ಹೊರಬರುವ ಗುಂಪು ಅವರದಲ್ಲ. ಒಬ್ಬಳು ಪೀಣ್ಯದಲ್ಲಿ, ಒಬ್ಬಳು ಮದ್ದೂರಿನಲ್ಲಿ, ಒಬ್ಬಳು ಹುಬ್ಬಳ್ಳಿಯ ಯಾವುದೋ ಓಣಿಯಲ್ಲಿ. ಅವರ ಪ್ರತಿಭಟನೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸದೇ ಇರುವುದಷ್ಟೇ. ಹೆಂಗಸರು ದುಡಿಮೆಗೆ ಬರುತ್ತಿಲ್ಲ ಎಂದು ಆಮೇಲೆ ಯಾವುದಾದರೂ ವಿಚಾರಸಂಕಿರಣದಲ್ಲಿ ಚಿಂತಿಸಬಹುದು.

ಮಾಡಬೇಕಾದದ್ದು ಏನೆಂದರೆ ಮೊದಲು ಗೆರೆಯನ್ನು ಎತ್ತಬೇಕು. ಬಿಪಿಎಲ್ ವರಮಾನ ಮಿತಿ ಒಬ್ಬ ಕೆಲಸಗಾರ್ತಿಯ ವರ್ಷದ ಕನಿಷ್ಠ ಕೂಲಿಗಿಂತ ಕೆಳಗಿರಬಾರದು, ತುಟ್ಟಿಭತ್ಯೆ ಏರಿದಂತೆ ಅದೂ ಏರಬೇಕು. ಎರಡನೆಯದಾಗಿ, ಗೆರೆ ದಾಟಿದ ತಿಂಗಳೇ ಎಲ್ಲವನ್ನೂ ಕಿತ್ತುಕೊಳ್ಳುವ ಪದ್ಧತಿ ಹೋಗಬೇಕು. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಬಗ್ಗೆ ಅಲ್ಲಿಯವರಿಗೆ ನೂರು ದೂರುಗಳಿವೆ, ಆದರೆ ಅಲ್ಲಿ ಬೇರೆಯಾದ ತಾಯಿ ತನ್ನ ಹೆಸರಿನಲ್ಲೇ ಅರ್ಜಿ ಹಾಕುತ್ತಾಳೆ. ಕೆಲಸ ಹಿಡಿದರೆ ಒಂದು ಮೊತ್ತದವರೆಗೆ ಸಂಬಳವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆ ಮೇಲಿನ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತ. ಇಳಿಜಾರು ಅದು, ಪ್ರಪಾತವಲ್ಲ. ಅಷ್ಟು ಸೂಕ್ಷ್ಮ ಲೆಕ್ಕ ನಮ್ಮ ಕಚೇರಿಗಳಿಂದ ಆಗದು ಎಂದರೆ ಸರಳ ದಾರಿಯಿದೆ: ಪಿಎಫ್ ಇರುವ ಕೆಲಸಕ್ಕೆ ಮೊದಲ ಸಲ ಸೇರಿದ ಒಂಟಿ ಹೆಂಗಸಿನ ಕಾರ್ಡನ್ನು ಎರಡು ವರ್ಷ ಮುಟ್ಟಬೇಡಿ. ಆಮೇಲೆ ತೆಗೆದರೂ, ಕೆಲಸ ಹೋದರೆ ಹೊಸ ಅರ್ಜಿಯ ಸಾಲಿಗೆ ನಿಲ್ಲಿಸದೆ ಹಳೆಯ ಕಾರ್ಡನ್ನೇ ಮರಳಿಸಿ.

ಗೆರೆಯೇ ಇಲ್ಲದ ನೆರವು ಹೇಗಿರುತ್ತದೆ ಎನ್ನಲು 2023ರ ಜೂನ್ 11ರಿಂದ ನಡೆಯುತ್ತಿರುವ, ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಬಸ್ಸನ್ನೇ ನೋಡಬಹುದು. ಕಂಡಕ್ಟರು ಗಂಡ ಎಲ್ಲಿ, ಸಂಬಳ ಎಷ್ಟು ಎಂದು ಕೇಳುವುದಿಲ್ಲ. ದುಡಿದರೆ ಅದು ಹೋಗುವುದಿಲ್ಲ, ದುಡಿಯಲು ಹೋಗುವುದಕ್ಕೇ ಅದು ನೆರವು. ಹಳ್ಳಿಗಳಲ್ಲಿ ನರೇಗಾ ಕೂಲಿಯವರ ಮಕ್ಕಳಿಗೆಂದು ತೆರೆದ ಕೂಸಿನ ಮನೆಗಳ ಮಾತೂ ಇದೇ ಜಾತಿಯದು; ಅಂಥವು ಪೀಣ್ಯ, ಬೊಮ್ಮನಹಳ್ಳಿಗಳ ಗಲ್ಲಿಗಳಲ್ಲಿ ಸಂಜೆ ಏಳರವರೆಗೆ ತೆರೆದಿದ್ದರೆ ಮೇಲಿನ ಲೆಕ್ಕದ ಸಾವಿರದೈನೂರು ಅವಳ ಕೈಯಲ್ಲೇ ಉಳಿಯುತ್ತಿತ್ತು.

ಬೇರೆ ಇದ್ದಾಳೆ ಎಂದು ನಂಬುವುದು ಹೇಗೆ, ಎಲ್ಲರೂ ಗಂಡನನ್ನು ಬಿಟ್ಟೆವೆಂದು ಸುಳ್ಳು ಹೇಳಿದರೆ ಎಂಬ ಪ್ರಶ್ನೆ ಅಧಿಕಾರಿಗಳಿಂದ ಬಂದೇ ಬರುತ್ತದೆ. ಉತ್ತರ ಅವರ ಕಟ್ಟಡದಲ್ಲೇ ಇದೆ. ಗೃಹಲಕ್ಷ್ಮಿಯನ್ನು ತಾಲ್ಲೂಕಿನಲ್ಲಿ ನೋಡಿಕೊಳ್ಳುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣಾಧಿಕಾರಿಯ ಹೊಣೆಯೂ ಸಿಡಿಪಿಒಗಳದೇ. ಒಂದು ಮೇಜಿನ ಮೇಲೆ ಗಂಡ ಹೊಡೆದು ಹೊರಹಾಕಿದ ಎಂಬ ಹೆಂಗಸಿನ ವರದಿ ಇರುತ್ತದೆ, ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಅದೇ ಹೆಂಗಸು ಅತ್ತೆಯ ಕಾರ್ಡಿನ ಸದಸ್ಯೆಯಾಗಿ ಇರುತ್ತಾಳೆ. ಆ ವರದಿ, ಇಲ್ಲವೇ ಜೀವನಾಂಶದ ಅರ್ಜಿಯ ನಂಬರು, ಇಲ್ಲವೇ ಸಾಂತ್ವನ ಕೇಂದ್ರದ ಪತ್ರ — ಇವುಗಳಲ್ಲಿ ಒಂದಿದ್ದರೆ ಸಾಕು, ಗಂಡನ ಮನೆಯವರ ಒಪ್ಪಿಗೆ ಕೇಳದೆ ತಾಯಿ ಮಕ್ಕಳ ಹೆಸರು ತೆಗೆದು ಅವಳ ಹೆಸರಿನಲ್ಲಿ ಕಾರ್ಡು ಕೊಡಬೇಕು, ಗಂಡನ ತೆರಿಗೆ, ಜಿಎಸ್‌ಟಿ ವಿವರವನ್ನು ಅವಳ ಅರ್ಜಿಯಿಂದ ಬಿಡಿಸಬೇಕು ಎಂದು ಆಹಾರ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೂಡಿ ಒಂದು ಸುತ್ತೋಲೆ ಹೊರಡಿಸಬಹುದು. ಇದಕ್ಕೆ ಹೊಸ ಕಾನೂನು ಬೇಡ, ಬಜೆಟ್ಟಿನವರೆಗೆ ಕಾಯುವುದೂ ಬೇಡ. ಆದರೆ ಅನರ್ಹ ಕಾರ್ಡುಗಳ ಮುಂದಿನ ಪಟ್ಟಿ ನ್ಯಾಯಬೆಲೆ ಅಂಗಡಿಯ ಗೋಡೆಗೆ ಬೀಳುವ ಮೊದಲು ಅದು ಹೊರಡಬೇಕು.